ಮೊದಲ ಗುಟುಕು

ನಮ್ಮಪ್ಪನಷ್ಟು ನಿಧಾನವಾಗಿ ವೈನ್ ಕುಡಿದವರು ಶಹಾಪುರ, ಸುರಪುರದ ಕಡೆ ಯಾರೂ ಇರಲಿಕ್ಕಿಲ್ಲ. ರಸಿಕತನ ಅಂದುಕೊಳ್ಳಬೇಡಿ. ಅಪ್ಪ ಒಬ್ಬ ಜಾಗೀರದಾರನ ಮನೆಯಲ್ಲಿ ಅಡುಗೆಯವನಾಗಿದ್ದ. ನಿಜಾಮಶಾಹಿ ಮುಗಿದು, ಇನ್ನು ಜಾಗೀರುಗಳೂ ಹೋಗುತ್ತವೆ ಎಂಬ ಸುದ್ದಿ ಹಬ್ಬಿದ್ದ ಕಾಲ. ಜಾಗೀರದಾರನಿಗೆ ಸ್ವಂತ ತಮ್ಮಂದಿರ ಮೇಲೂ ನಂಬಿಕೆ ಉಳಿದಿರಲಿಲ್ಲ. ಯಾರೋ ವಿಷ ಹಾಕುತ್ತಾರೆಂಬ ಹೆದರಿಕೆ ಹೊಕ್ಕಿತ್ತು. ಹಾಗಾಗಿ ಪ್ರತಿ ಬಾಟಲಿಯ ಮೊದಲ ಗುಟುಕು ಅಪ್ಪನದು. ಸ್ವಲ್ಪ ಹೊತ್ತು ಕಳೆದರೂ ಅವನಿಗೆ ಏನೂ ಆಗದಿದ್ದರೆ ಜಾಗೀರದಾರ ತನ್ನ ಗ್ಲಾಸು ಎತ್ತುತ್ತಿದ್ದ.

ಬಾಟಲಿಗಳು ಫ್ರಾನ್ಸಿನವು. ಮುಂಬೈಯಿಂದ ರೈಲಿನಲ್ಲಿ ಯಾದಗಿರಿಗೆ ಬಂದು, ಅಲ್ಲಿಂದ ಹುಲ್ಲಿನಲ್ಲಿ ಹುದುಗಿಕೊಂಡು ಗಾಡಿಯಲ್ಲಿ ಬರುತ್ತಿದ್ದವು. ಬಾವಿಗೆ ಇಳಿಬಿಟ್ಟು ತಣ್ಣಗೆ ಮಾಡುತ್ತಿದ್ದರು. ಶಾಬ್ಲಿ ಎಂಬ ಊರಿನ ಬಿಳಿ ವೈನು, ಶಾರ್ಡೊನೆ ಎಂಬ ದ್ರಾಕ್ಷಿಯದು. ವಿಲಾಯತಿಗೆ ಹೋಗಿ ಓದಿ ಬಂದಿದ್ದ ಜಾಗೀರದಾರ, ಅಪ್ಪ ಸಾಯುತ್ತಾನೋ ಇಲ್ಲವೋ ಎಂದು ಕಾಯುವ ಹೊತ್ತಿನಲ್ಲಿ, ಬೇಜಾರು ಕಳೆಯಲು ಇದನ್ನೆಲ್ಲ ಅವನಿಗೆ ಹೇಳಿಕೊಡುತ್ತಿದ್ದ. ಎಂಥ ದೊಡ್ಡ ಮನಸ್ಸು ನೋಡಿ!

ಅಪ್ಪ ಅದನ್ನು ಮನೆಗೆ ಬಂದು ಅವ್ವನಿಗೆ ಒಪ್ಪಿಸುತ್ತಿದ್ದ.

"ಇದು ಖುಷ್ಕಿ ವೈನಂತ."

"ಹೊಲ ಖುಷ್ಕಿ ಇರ್ತೈತಿ. ಕುಡಿಯೋದು ಹ್ಯಾಂಗ ಖುಷ್ಕಿ ಆಗ್ತೈತ್ರಿ?" ಮಳೆಯನ್ನೇ ನಂಬಿದ ಒಣ ಹೊಲಕ್ಕೆ ನಮ್ಮಲ್ಲಿ ಖುಷ್ಕಿ ಅನ್ನುವುದು.

"ಸಿಹಿ ಒಂದ್ ಹನಿ ಉಳಿಸಂಗಿಲ್ಲ. ಹುಳಿ ಹಿಡಿಸಿ ಹಿಡಿಸಿ ದ್ರಾಕ್ಷಿಯೊಳಗಿನ ಸಕ್ಕರಿ ಎಲ್ಲಾ ಕಳೀತಾರಂತ."

ನಾಲಿಗೆಗೆ ಮೊದಲು ಎಳೆ ಮಾವಿನಕಾಯಿಯ ಸಿಪ್ಪೆ, ಆಮೇಲೆ ನಿಂಬೆ, ನುಂಗಿದ ಮೇಲೆ ಮೊದಲ ಮಳೆ ಬಿದ್ದ ಬಂಡೆಯ ವಾಸನೆ. ಆ ದ್ರಾಕ್ಷಿಗೆ ತನ್ನದೇ ಜಂಬವಿಲ್ಲ, ಬೆಳೆದ ಮಣ್ಣಿನ ರುಚಿ ಹೊತ್ತು ಬರುತ್ತದೆ ಎನ್ನುತ್ತಿದ್ದ. ಅಷ್ಟೆಲ್ಲ ಹೇಗೆ ತಿಳಿಯುತ್ತದೆ ಎಂದು ನಾನು ಕೇಳಿದೆ.

"ಬ್ಯಾರೆ ರುಚಿ ಏನರ ಕೂಡೈತೇನು ಅಂತ ಹುಡುಕ್ತೀನಿ ಮಗಳ," ಎಂದ.

ವಿಷ ಹುಡುಕುತ್ತ ಹುಡುಕುತ್ತ ಅವನಿಗೆ ವೈನಿನ ರುಚಿ ಹತ್ತಿತ್ತು. ನೆನೆದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಅವ್ವ ದಿನಾ ಸಂಜೆ ರೊಟ್ಟಿ ಬಡಿಯುವುದು ಬಿಟ್ಟು ಹೊಸ್ತಿಲಲ್ಲಿ ಕೂಡುತ್ತಿದ್ದಳು. ಓಣಿಯಲ್ಲಿ ಅಪ್ಪನ ಕೆಮ್ಮು ಕೇಳಿದ ಮೇಲೆಯೇ ಒಳಗೆ ಹೋಗುತ್ತಿದ್ದಳು.

ಕೊನೆಗೆ ಜಾಗೀರು ಹೋಯಿತು. ಜಾಗೀರದಾರ ಸಾಮಾನು ಕಟ್ಟಿಕೊಂಡು ಹೈದರಾಬಾದಿಗೆ ಹೊರಟವನು, ಉಳಿದಿದ್ದ ಒಂದು ಬಾಟಲಿಯನ್ನು ಅಪ್ಪನಿಗೆ ಇನಾಮು ಕೊಟ್ಟ. ಅಪ್ಪ ಅದನ್ನು ಕಂಕುಳಲ್ಲಿಟ್ಟುಕೊಂಡು ಮಧ್ಯಾಹ್ನವೇ ಮನೆಗೆ ಬಂದ. ಅವನು ಅಷ್ಟು ಖುಷಿಯಾಗಿದ್ದುದನ್ನು ನಾನು ಕಂಡಿರಲಿಲ್ಲ. ಬಟ್ಟಲಿಗೆ ಬಗ್ಗಿಸಿಕೊಂಡ.

"ಇದನ್ನ ಯಾರು ಕುಡದು ನೋಡ್ಯಾರ್ರಿ?" ಅವ್ವ ಕೇಳಿದಳು.

"ಯಾರೂ ಇಲ್ಲ. ಬೂಚು ಈಗ ತಗದೀನಿ."

"ಸಾಹೇಬ್ರ ಮನಿ ಗುಟ್ಟೆಲ್ಲಾ ನಿಮಗ ಗೊತ್ತೈತಿ. ಸುಮ್ಮ ಯಾಕ ಕೊಟ್ರು?"

ಅಪ್ಪನ ಕೈ ಅಲ್ಲೇ ನಿಂತಿತು. ಅವ್ವ ಬಟ್ಟಲು ಕಸಿದುಕೊಂಡು ಗಟಗಟ ಕುಡಿದುಬಿಟ್ಟಳು. ಈಚಲ ಶಿಂದಿಯನ್ನೂ ಮುಟ್ಟದ ಹೆಂಗಸು.

"ಉಗುಳಲೇ! ಉಗುಳು!" ಅಪ್ಪ ಅವಳ ರಟ್ಟೆ ಹಿಡಿದು ಅಲುಗಾಡಿಸಿದ. ಮುಖ ಬೆವರಿ ನೆಲಕ್ಕೆ ಕುಸಿದ. ಅವಳ ಕಣ್ಣನ್ನೇ ನೋಡುತ್ತ ಗಡಗಡ ನಡುಗುತ್ತಿದ್ದ. ಅವ್ವ ಅವನೆದುರು ಕುಳಿತಳು.

"ನನಗೇನೂ ಆಗಿಲ್ಲ," ಅಂದಳು. "ನಿಮಗೀಗ ಆಗಾಕತ್ತೈತಲ್ಲ, ಅದು ನನಗ ದಿನಾ ಆಗ್ತಿತ್ತು."