ಕಿವಿ ಮೇಷ್ಟ್ರಿಗೆ ಕೇಳಿದ ಟಣ್

ಅವರ ಅಂಗಡಿಗೆ ಬೋರ್ಡು ಇರಲಿಲ್ಲ. ಕಿವಿ ಮೇಷ್ಟ್ರ ಅಂಗಡಿ ಎಂದರೆ ಬೈಕಿನವರಿಗೆಲ್ಲ ಗೊತ್ತಿತ್ತು. ಪಾಠ ಹೇಳಿ ಮೇಷ್ಟ್ರಾದವರಲ್ಲ. ಅರ್ಧ ಆಯುಷ್ಯ ಲೇತ್ ಮಷೀನಿನ ಮುಂದೆ ನಿಂತು ಕಬ್ಬಿಣ ಕಡೆದು, ಆಮೇಲೆ ಟ್ರಯಲ್ಸ್ ಬೈಕಿನ ಬಿಡಿಭಾಗಗಳ ಕೆಲಸ ಹಿಡಿದವರು. ಟ್ರಯಲ್ಸ್ ಬೈಕು ಎಂದರೆ ಓಟದ ಬೈಕಲ್ಲ, ಅದಕ್ಕೆ ಕೂರಲು ಸೀಟೇ ಇಲ್ಲ. ಸವಾರ ಎರಡು ಫುಟ್‌ರೆಸ್ಟುಗಳ ಮೇಲೆ ನಿಂತುಕೊಂಡೇ ಬಂಡೆಯಿಂದ ಬಂಡೆಗೆ ಹತ್ತಬೇಕು, ಇಳಿಯಬೇಕು, ಕಾಲು ಮಾತ್ರ ನೆಲಕ್ಕೆ ತಾಗಬಾರದು. ಇಡೀ ಮೈಭಾರ ಬೀಳುವುದು ಅಂಗೈಯಗಲದ ಆ ಎರಡು ಉಕ್ಕಿನ ತುಂಡುಗಳ ಮೇಲೆ.

ಅಂಥ ತುಂಡುಗಳನ್ನು ಆರಿಸುವುದರಲ್ಲಿ ಮೇಷ್ಟ್ರದು ಎತ್ತಿದ ಕೈ. ದಾರಕ್ಕೆ ಕಟ್ಟಿ ಇಳಿಬಿಡುವುದು, ಸಣ್ಣ ಸ್ಪ್ಯಾನರಿನಿಂದ ಒಮ್ಮೆ ಬಡಿಯುವುದು, ಕಣ್ಣು ಮುಚ್ಚಿ ಕೇಳುವುದು. ಟಣ್ ಎಂದು ಉದ್ದಕ್ಕೆ ಎಳೆದರೆ ಗಟ್ಟಿ. ಟಪ್ ಎಂದು ಅಲ್ಲೇ ಸತ್ತರೆ ಒಳಗೆಲ್ಲೋ ಕಣ್ಣಿಗೆ ಕಾಣದ ಬಿರುಕಿದೆ. ಡಬ್ಬಿಯಿಂದ ಆಗತಾನೆ ತೆಗೆದದ್ದಾದರೂ ಟಪ್ ಅಂದರೆ ನೇರ ಗುಜರಿಗೆ. "ಪಳಪಳ ಹೊಳೀತಿದೆಯಲ್ಲ ಮೇಷ್ಟ್ರೇ" ಎಂದು ಯಾರಾದರೂ ಗೋಗರೆದರೆ, "ಬೆಳ್ಳಗಿರೋದೆಲ್ಲ ಹಾಲಲ್ಲ ಕಣಯ್ಯ" ಅನ್ನುತ್ತಿದ್ದರು. ಬಂಡೆಯಿಂದ ಬಿದ್ದು ಬಂದು ಬ್ರೇಕನ್ನು ಬೈಯುವವರಿಗೆ, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಮುಖಕ್ಕೇ ಹೇಳುತ್ತಿದ್ದರು. ಬಾಯಿ ಸ್ವಲ್ಪ ಜೋರೇ. ಆದರೂ ಜನ ಬರುತ್ತಿದ್ದರು, ಏಕೆಂದರೆ ಅವರು ಬಡಿದು ಕೊಟ್ಟ ಸಾಮಾನು ಮುರಿದ ಉದಾಹರಣೆ ಇರಲಿಲ್ಲ.

ತಮಾಷೆ ಎಂದರೆ ಮೇಷ್ಟ್ರಿಗೆ ಬೈಕ್ ಓಡಿಸಲು ಬಾರದು. ಓಡಿಸುವವಳು ಹೆಂಡತಿ. ನಲವತ್ತರ ಹತ್ತಿರ ಬಂದವಳು, ಬಂಡೆ ಕಂಡರೆ ಮಾತ್ರ ಹದಿನಾರರ ಹುಡುಗಿ. ಹೆಂಡತಿ ಬಂಡೆ ಹತ್ತುವುದು, ಗಂಡ ಕೆಳಗೆ ನಿಂತು ಬೆವರುವುದು, ಇದೇ ಅವರ ಸಂಸಾರ. "ನಾನು ಬಿದ್ರೆ ನಿಮ್ಮ ಕಿವಿ ಹಿಂಡ್ತೀನಿ ರೀ" ಎಂದು ಆಕೆ ನಗುತ್ತಿದ್ದಳು. ಮೇಷ್ಟ್ರಿಗೆ ಈ ಲೋಕದಲ್ಲಿ ಬೇರೆ ಭಯವಿರಲಿಲ್ಲ, ಅದೊಂದೇ.

ಆ ವರ್ಷ ಸಾಮಾನುಗಳೆಲ್ಲ ಒಮ್ಮೆಗೇ ಒಳ್ಳೆಯವಾಗತೊಡಗಿದವು. ಬಡಿದದ್ದೆಲ್ಲ ಟಣ್ ಅನ್ನುತ್ತಿತ್ತು. ಸ್ಪ್ರಾಕೆಟ್ಟು, ಬ್ರೇಕ್ ಲಿವರು, ಹಳೇ ಬೈಕಿನಿಂದ ಬಿಚ್ಚಿದ ಫುಟ್‌ರೆಸ್ಟು, ಒಂದೂ ಟಪ್ ಅನ್ನಲೊಲ್ಲದು. "ಈಗ ಉಕ್ಕು ಚೆನ್ನಾಗಿ ಬರ್ತಿದೆ ಕಣೇ" ಎಂದು ಮೇಷ್ಟ್ರು ಹಿಗ್ಗಿದರು. ಗುಜರಿಯ ಡಬ್ಬ ಖಾಲಿ ಬಿದ್ದಿತ್ತು. ಒಂದು ದಿನ ಬಡಿದ ತುಂಡನ್ನು ಮುಷ್ಟಿಯಲ್ಲಿ ಹಿಡಿದರು. ಹಿಡಿದರೆ ಸದ್ದು ಅಡಗಬೇಕು. ಅಡಗಲಿಲ್ಲ, ಮುಷ್ಟಿಯೊಳಗೆ ಹಾಡುತ್ತಲೇ ಇತ್ತು. ಒಳ್ಳೆಯ ಉಕ್ಕಿನ ಗುಣವಿರಬೇಕು ಎಂದುಕೊಂಡರು. ನಮಗೆ ಬೇಕಾದದ್ದು ಕಿವಿಗೆ ಬಿದ್ದರೆ ನಾವು ಯಾರೂ ಎರಡನೇ ಸಲ ಕೇಳುವುದಿಲ್ಲ, ಮೇಷ್ಟ್ರೂ ಕೇಳಲಿಲ್ಲ.

ಹೆಂಡತಿಯ ಬೈಕಿನ ಫುಟ್‌ರೆಸ್ಟುಗಳ ಹಲ್ಲು ಸವೆದು ಬೂಟು ಜಾರುತ್ತಿತ್ತು. ಮೇಷ್ಟ್ರು ಇದ್ದ ಜೋಡಿಗಳನ್ನೆಲ್ಲ ತೂಗುಹಾಕಿ ಬಡಿದು, ಎಲ್ಲಕ್ಕಿಂತ ಇಂಪಾದದ್ದನ್ನು ಆರಿಸಿ ಬೆಳಿಗ್ಗೆಯೇ ಕೂರಿಸಿಕೊಟ್ಟರು. ಆಕೆ ಬೀದಿಯ ತುದಿಯಾಚೆಗಿನ ಹಳೇ ಕಲ್ಲುಕ್ವಾರಿಗೆ ಅಭ್ಯಾಸಕ್ಕೆ ಹೊರಟುಹೋದಳು.

ಮಧ್ಯಾಹ್ನ ಅಂಗಡಿಯಲ್ಲಿ ಯಾರೂ ಇರಲಿಲ್ಲ. ಬೀದಿಯೂ ನಿಶ್ಶಬ್ದ. ಮೇಷ್ಟ್ರ ಕೈಯಿಂದ ಸ್ಪ್ಯಾನರು ಜಾರಿ ಮೂಲೆಯಲ್ಲಿದ್ದ ಹಳೇ ಟೈರಿನ ಮೇಲೆ ಬಿತ್ತು. ಟಣ್ ಎಂದಿತು.

ಮೇಷ್ಟ್ರು ಟೈರನ್ನು ನೋಡಿದರು. ರಬ್ಬರು. ಬಗ್ಗಿ ಮತ್ತೊಮ್ಮೆ ಬಡಿದರು. ಟಣ್, ಉದ್ದಕ್ಕೆ, ಶುದ್ಧವಾಗಿ. ಮರದ ಬೆಂಚಿಗೆ ಬಡಿದರು, ಅದೂ ಹಾಗೇ ಅಂದಿತು. ಎಣ್ಣೆ ಒರೆಸುವ ಬಟ್ಟೆಯ ಗಂಟಿಗೆ ಬಡಿದರು. ಬಟ್ಟೆ ಗಂಟೆಯ ಹಾಗೆ ಮೊಳಗಿತು. ಕೊನೆಗೆ ಸ್ಪ್ಯಾನರನ್ನು ಸುಮ್ಮನೆ ಗಾಳಿಯಲ್ಲಿ ಎತ್ತಿದರು, ಬಡಿಯಲಿಲ್ಲ. ಬಡಿಯುವ ಮೊದಲೇ ಟಣ್ ಕೇಳಿತು. ಯಾರೋ ಬೆನ್ನ ಹಿಂದೆಯೇ ನಿಂತು, ಅವರಿಗೆ ಏನು ಬೇಕೋ ಅದನ್ನೇ ಕೇಳಿಸುತ್ತಿರುವಂತಿತ್ತು. ತಿರುಗಿ ನೋಡಿದರೆ ಗೋಡೆಯಲ್ಲಿ ಚೈನುಗಳು ಅಲುಗಾಡದೆ ತೂಗುಬಿದ್ದಿದ್ದವು.

ಬೆಳಿಗ್ಗೆ ಹೆಂಡತಿಯ ಬೈಕಿಗೆ ತಾನು ಏನು ಕೂರಿಸಿದೆ? ಅದು ಗಟ್ಟಿಯೋ, ಬಿರುಕೋ, ದೇವರಿಗೇ ಗೊತ್ತು. ಫೋನ್ ಮಾಡಿದರೆ ಆಕೆಯ ಮೊಬೈಲು ಅಂಗಡಿಯ ಮೇಜಿನ ಮೇಲೆಯೇ ಮಿನುಗಿತು, ಆಕೆ ಬಿಟ್ಟುಹೋಗಿದ್ದಳು. ಮೇಷ್ಟ್ರು ಬಾಗಿಲು ಹಾಕದೆ, ಸ್ಪ್ಯಾನರು ಕೈಯಲ್ಲೇ ಹಿಡಿದು ಓಡಿದರು.

ಕ್ವಾರಿಯಲ್ಲಿ ಆಕೆ ಮನೆಯೆತ್ತರದ ಬಂಡೆಯ ಅಂಚಿನಲ್ಲಿ ಬೈಕಿನ ಮೇಲೆ ಅಲುಗದೆ ನಿಂತಿದ್ದಳು, ಕೆಳಗಿನ ಕಲ್ಲಿಗೆ ಇಳಿಯುವ ಹೊತ್ತು ಕಾಯುತ್ತ. ಮೇಷ್ಟ್ರು ಕೂಗಲು ಬಾಯಿ ತೆರೆದು ಮುಚ್ಚಿದರು. ಕೂಗಿದರೆ ಬೆಚ್ಚುತ್ತಾಳೆ, ಬೆಚ್ಚಿದರೆ ಆಯ ತಪ್ಪುತ್ತಾಳೆ. ಕೂಗದಿದ್ದರೆ ಆ ಉಕ್ಕಿನ ಮೇಲೆ ನಿಂತೇ ನೆಗೆಯುತ್ತಾಳೆ. ಇಂಜಿನ್ನಿನ ಸದ್ದು ಕೂಡ ಕೇಳಿಸದು, ತಲೆಯ ತುಂಬ ಒಂದೇ ಟಣ್. ಮೇಷ್ಟ್ರು ಆಕೆಯ ಎಡಗಾಲು, ಬಲಗಾಲು, ಎಡಗಾಲು ಎಂದು ನೋಡುತ್ತ ನಿಂತರು. ಹೆಂಡತಿ ನೆಗೆದಳು. ಕಲ್ಲಿನ ಮೇಲೆ ಇಳಿದಳು. ಅಲ್ಲಿಂದ ನೆಲಕ್ಕಿಳಿದು ಅವರ ಮುಂದೆ ಬಂದು ಬೈಕು ನಿಲ್ಲಿಸಿದಳು.

"ಇದೇನ್ರೀ, ಮುಖ ಹೀಗ್ಯಾಕೆ ಬಿಳಿಚಿಕೊಂಡಿದೆ?"

"ಇಳಿ. ಮೊದಲು ಇಳಿ ನೀನು."

ಮೇಷ್ಟ್ರು ಪಿನ್ನು ಎಳೆದು ಎರಡೂ ಫುಟ್‌ರೆಸ್ಟು ಬಿಚ್ಚಿದರು. ಜೇಬಿನ ದಾರಕ್ಕೆ ಕಟ್ಟಿ ಹೆಂಡತಿಯ ಕೈಗೆ ಸ್ಪ್ಯಾನರು ಕೊಟ್ಟರು. "ನನ್ನ ಕಿವಿ ಕೆಟ್ಟಿದೆ ಕಣೇ. ಬಟ್ಟೆ ಬಡಿದರೂ ಟಣ್ ಅಂತಿದೆ. ನೀನೇ ಬಡಿ. ಏನು ಕೇಳುತ್ತೋ ಅದನ್ನೇ ಹೇಳು."

ಆಕೆ ಮೊದಲು ನಗಲು ನೋಡಿದಳು. ಗಂಡನ ಕಣ್ಣು ನೋಡಿ ನಗದೆ ಹೆಲ್ಮೆಟ್ಟು ತೆಗೆದಿಟ್ಟಳು. ಬಲಗಡೆಯದನ್ನು ಬಡಿದಳು. "ಟಣ್" ಎಂದಳು ತಕ್ಷಣ.

ಎಡಗಡೆಯದನ್ನು ಬಡಿದಳು. ಮೇಷ್ಟ್ರಿಗೆ ಅಷ್ಟು ಇಂಪಾದ ನಾದ ಜೀವಮಾನದಲ್ಲೇ ಕೇಳಿಸಿರಲಿಲ್ಲ. ಆಕೆ ದಾರವನ್ನು ಇನ್ನೊಂದು ಕೈಗೆ ಬದಲಿಸಿಕೊಂಡಳು. ಕಿವಿಯ ಹತ್ತಿರ ಹಿಡಿದು ಮತ್ತೆ ಬಡಿದಳು. ತಾನು ಆಗತಾನೆ ಇಳಿದುಬಂದ ಬಂಡೆಯ ಕಡೆ ಒಮ್ಮೆ ನೋಡಿದಳು.

"ಇದೂ ಟಣ್ ಅಂತಿದೆ ರೀ. ಏನೂ ಆಗಿಲ್ಲ. ನೀವು ಆರಿಸಿದ್ದು ಕೆಡುತ್ತಾ?"

ಎರಡನ್ನೂ ತಾನೇ ವಾಪಸು ಕೂರಿಸಿ ಪಿನ್ನು ಹಾಕಿದಳು. ಹೆಲ್ಮೆಟ್ಟನ್ನು ಮತ್ತೆ ಹಾಕಿಕೊಳ್ಳದೆ ಹ್ಯಾಂಡಲಿಗೆ ಸಿಕ್ಕಿಸಿದಳು. ಆಮೇಲೆ ಬೈಕನ್ನು ಸ್ಟಾರ್ಟ್ ಮಾಡದೆ, ಹತ್ತದೆ, ತಳ್ಳಿಕೊಂಡು ನಡೆಯತೊಡಗಿದಳು.

"ಓಡಿಸಲ್ವಾ?" ಎಂದರು ಮೇಷ್ಟ್ರು.

"ನಡೀರಿ, ಜೊತೇಲೇ ನಡ್ಕೊಂಡು ಹೋಗೋಣ. ಹೀಗೆ ನಡೆದು ಎಷ್ಟು ದಿನ ಆಯ್ತು."

ನೆತ್ತಿ ಸುಡುವ ಬಿಸಿಲು. ಮೇಷ್ಟ್ರು ಬೈಕಿನ ಇನ್ನೊಂದು ಬದಿಗೆ ಬಂದು ಹ್ಯಾಂಡಲಿಗೆ ಕೈ ಕೊಟ್ಟರು. ಇಬ್ಬರ ನಡುವೆ ಬೈಕು ಉರುಳುತ್ತಿತ್ತು. ಕ್ವಾರಿಯ ದಾರಿ ಮುಗಿದು ಬೀದಿ ಶುರುವಾಗುವವರೆಗೂ ಆಕೆ ತಲೆಯೆತ್ತಲಿಲ್ಲ. ಆಮೇಲೆ, ಅವರ ಮುಖ ನೋಡದೆ, ಅಡುಗೆಮನೆಯ ವಿಷಯ ಕೇಳುವ ದನಿಯಲ್ಲಿ ಕೇಳಿದಳು.

"ಈಚೆಗೆ ಯಾರ್ಯಾರಿಗೆಲ್ಲ ಸಾಮಾನು ಹಾಕಿಕೊಟ್ರಿ, ನೆನಪಿದೆಯಾ?"

ಮೇಷ್ಟ್ರ ಕಾಲು ಒಂದು ಗಳಿಗೆ ನಿಂತಿತು. ಮತ್ತೆ ಬೈಕು ತಳ್ಳುತ್ತ, ಒಬ್ಬೊಬ್ಬರ ಹೆಸರನ್ನೇ ಹೇಳತೊಡಗಿದರು.