ತೂಕದ ಜಂಬಣ್ಣನ ಟಾಂಗಾ

1967ರ ನವೆಂಬರ್ 12, ಭಾನುವಾರ. ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷಕ್ಕೆ ಜಂಬಣ್ಣ ಮಸ್ಕಿಯ ತನ್ನ ಮನೆಯ ಕಟ್ಟೆಯ ಮೇಲೆ ನಿಂತು, ಇನ್ನೊಬ್ಬ ಗಂಡಸು ತನ್ನ ಹೆಂಡತಿಯನ್ನು ಎತ್ತಿಕೊಳ್ಳುವುದನ್ನು ನೋಡುತ್ತಿದ್ದ. ಹೊತ್ತು ಇಷ್ಟು ಖಚಿತವಾಗಿ ಗೊತ್ತಿರಲು ಕಾರಣವಿದೆ. ಹೆಂಡತಿಯ ತಮ್ಮ ಶಿವಶರಣಪ್ಪ ತನ್ನ ಹೊಸ ಕೈಗಡಿಯಾರ ನೋಡಿ, ನಿಮಿಷ ನಿಮಿಷಕ್ಕೂ ಗಂಟೆ ಹೇಳುತ್ತ ಅವಸರ ಮಾಡುತ್ತಿದ್ದ.

ಎತ್ತಿಕೊಂಡವನು ಶಿವಶರಣಪ್ಪನ ಜೀಪಿನ ಡ್ರೈವರ್ ದುರುಗಪ್ಪ, ಇಪ್ಪತ್ತೈದರ ಹುಡುಗ. ಹಿಂದಿನ ದಿನ ಮಂಡಿಯಲ್ಲಿ ಚೀಲ ಎತ್ತುವಾಗ ಜಂಬಣ್ಣನ ಬಲಹೆಗಲು ಉಳುಕಿತ್ತು. ಜೀಪಿನ ಸೀಟು ಅವನ ಎದೆಯ ಮಟ್ಟಕ್ಕಿತ್ತು. "ಬಿಡ್ರಿ ಯಜಮಾನ್ರ, ನಾ ಎತ್ತತೀನಿ" ಎಂದು ದುರುಗಪ್ಪ ಹೇಳಿದ್ದೂ ಎತ್ತಿದ್ದೂ ಒಟ್ಟಿಗೇ ಆಗಿಹೋಯಿತು. ಸೀಟಿನ ಮೇಲೆ ಕುಳಿತ ಕಲ್ಯಾಣಮ್ಮ ಸೆರಗು ಸರಿಮಾಡಿಕೊಂಡು ನಕ್ಕಳು. ಅದು ಸಂಕೋಚದ ನಗು ಎಂದು ಓಣಿಯ ಹೆಂಗಸರಿಗೆಲ್ಲ ತಿಳಿಯಿತು. ಜಂಬಣ್ಣನಿಗೆ ಅದು ಬರೀ ನಗುವಾಗಿ ಕಾಣಿಸಿತು.

ಮಡಚಿದ ಗಾಲಿಕುರ್ಚಿಯನ್ನು ಹಿಂದೆ ಹಾಕಿಕೊಂಡು ಜೀಪು ಜವಳಗೇರಾದ ಕಡೆ ಹೊರಟಿತು. ದೀಪಾವಳಿಯ ನಂತರ ಅಕ್ಕನನ್ನು ತವರಿಗೆ ಕರೆದುಕೊಂಡು ಹೋಗುವುದು ಪ್ರತಿ ವರ್ಷ ಇದ್ದದ್ದೇ. ಆದರೆ ಹಿಂದಿನ ವರ್ಷಗಳಲ್ಲಿ ಅವಳನ್ನು ಬಸ್ಸಿಗೆ ಹತ್ತಿಸುತ್ತಿದ್ದವನು, ಇಳಿಸುತ್ತಿದ್ದವನು ಜಂಬಣ್ಣನೇ.

ಅವನು ಮಸ್ಕಿಯಲ್ಲಿ ರೈತರ ಕಾಳು ಮಾರಿಸಿಕೊಡುವ ಒಂದು ಅಡತಿ ಅಂಗಡಿಯಲ್ಲಿ ಹತ್ತೊಂಬತ್ತು ವರ್ಷದಿಂದ ತೂಕದವನಾಗಿದ್ದ. ಜೋಳ, ಸಜ್ಜೆ, ತೊಗರಿ ಯಾವುದೇ ಬರಲಿ, ತಕ್ಕಡಿಗೆ ಏರಿಸುವ ಮೊದಲು ಚೀಲವನ್ನು ಎರಡು ಕೈಯಿಂದ ಒಮ್ಮೆ ನೆಲಬಿಡಿಸಿ ಅಂದಾಜು ಹೇಳುತ್ತಿದ್ದ. ಅಂದಾಜಿಗೂ ತಕ್ಕಡಿಗೂ ಅರ್ಧ ಕಿಲೋಗಿಂತ ಹೆಚ್ಚು ಅಂತರ ಬಂದರೆ ಆ ದಿನವೆಲ್ಲ ಅವನ ಮುಖ ಸರಿಯಿರುತ್ತಿರಲಿಲ್ಲ. ತೂಗಿದ್ದನ್ನು ಗಟ್ಟಿಯಾಗಿ ಕೂಗುವುದು ಮಂಡಿಯ ರೂಢಿ. ಒಮ್ಮೆ ಕೂಗಿದ ಮೇಲೆ ತೂಕದವ ಅದನ್ನು ಹಿಂದಕ್ಕೆ ತೆಗೆದುಕೊಳ್ಳುವಂತಿಲ್ಲ.

1960ರ ಶ್ರಾವಣದಲ್ಲಿ ಕಲ್ಯಾಣಮ್ಮನಿಗೆ ಹದಿನೆಂಟು ದಿನ ಜ್ವರ ಬಂತು. ಜ್ವರ ಇಳಿದಾಗ ಸೊಂಟದ ಕೆಳಗೆ ಶಕ್ತಿ ಉಳಿದಿರಲಿಲ್ಲ. ಲಿಂಗಸುಗೂರಿನ ಡಾಕ್ಟರು ಔಷಧದ ಲೆಕ್ಕಕ್ಕೆಂದು ಅವಳನ್ನು ತೂಗಿಸಿ ಎಂಬತ್ತನಾಲ್ಕು ಪೌಂಡು ಎಂದು ಬರೆದರು. ಎರಡು ವರ್ಷದ ಮೇಲೆ ಮಂಡಿಗೆ ಕಿಲೋ ಬಂದಾಗ ಜಂಬಣ್ಣ ಮೊದಲು ಪರಿವರ್ತಿಸಿದ್ದು ಆ ಅಂಕಿಯನ್ನೇ: ಮೂವತ್ತೆಂಟು. ಜ್ವರ ಬಿಟ್ಟಂದಿನಿಂದ ದಿನಕ್ಕೆ ಕಡಿಮೆಯೆಂದರೆ ನಾಲ್ಕು ಸಲ ಅವಳನ್ನು ಎತ್ತಿ ಇಳಿಸುತ್ತಿದ್ದ. ಮಂಚದಿಂದ ಬಚ್ಚಲಿಗೆ, ಅಲ್ಲಿಂದ ಒಲೆಯ ಮುಂದಕ್ಕೆ, ಸಂಜೆ ಕಟ್ಟೆಗೆ. ಮಕ್ಕಳಿರಲಿಲ್ಲ. ಅವನ ಎಡಗೈ ಅವಳ ಬೆನ್ನಿಗೆ ಎಲ್ಲಿ ತಾಗಬೇಕು ಎಂಬುದು ಇಬ್ಬರಿಗೂ ನೋಡದೆ ಗೊತ್ತಿತ್ತು.

1966ರಲ್ಲಿ ಶಿವಶರಣಪ್ಪ ಬಳ್ಳಾರಿಯಿಂದ ಗಾಲಿಕುರ್ಚಿ ತಂದುಕೊಟ್ಟ. ಕಾಲುವೆ ನೀರು ಹರಿದು ಅವನ ಹೊಲಗಳು ಭತ್ತದ ಗದ್ದೆಗಳಾಗಿದ್ದವು. ಜೀಪು, ಗಡಿಯಾರ, ಕುರ್ಚಿ ಎಲ್ಲವೂ ಆ ನೀರಿನ ಹಿಂದೆಯೇ ಬಂದವು. ಕಲ್ಯಾಣಮ್ಮ ಮನೆಯೊಳಗೆ ತಾನೇ ಗಾಲಿ ತಿರುಗಿಸಿಕೊಂಡು ಓಡಾಡತೊಡಗಿದಳು. ಜಂಬಣ್ಣ ಎತ್ತುವುದು ನಾಲ್ಕು ಸಲದಿಂದ ಎರಡಕ್ಕೆ ಇಳಿಯಿತು. ಒಳ್ಳೆಯದಾಯಿತು ಎಂದು ಬಂದವರಿಗೆಲ್ಲ ಹೇಳುತ್ತಿದ್ದ. ಆದರೆ ಕುರ್ಚಿಯ ಗಾಲಿ ಕಿರುಗುಟ್ಟಿದರೆ ಎಣ್ಣೆ ಬಿಡಲು ಅವನಿಗೆ ನೆನಪಾಗುತ್ತಿರಲಿಲ್ಲ.

ಜೀಪು ಹೋಗಿ ಎರಡು ವಾರಕ್ಕೆ ಅವನು ಜವಳಗೇರಾಕ್ಕೆ ಹೋದ. ಕಲ್ಯಾಣಮ್ಮ ಅಂಗಳದಲ್ಲಿ ಕುರ್ಚಿಯಲ್ಲಿದ್ದಳು. ಮುಖ ಬಿಸಿಲಿಗೆ ಕಪ್ಪಾಗಿತ್ತು. ಕಾಲುವೆಯ ಗೇಟು ನೋಡಿದೆ, ನೀರು ಬೀಳುವ ಸದ್ದಿಗೆ ಪಕ್ಕದವರ ಮಾತು ಕೇಳುವುದಿಲ್ಲ ಎಂದಳು. ಕಾಲುವೆ ನೀರಿಗೆ ಬಂದು ನೆಲೆಸಿದ ಆಂಧ್ರದವರ ಕ್ಯಾಂಪಿಗೆ ಹೋಗಿದ್ದೆ, ಅಲ್ಲಿಯ ಹೆಂಗಸರು ಹಳೆ ಸೀರೆಯ ಕೌದಿ ಹೊಲಿದುಕೊಡು ಎಂದು ಕೇಳಿದ್ದಾರೆ ಎಂದಳು. ಸಿಂಧನೂರಿನ ಬಜಾರಿನಲ್ಲಿ ತಾನೇ ಆರಿಸಿ ಬಳೆ ಇಡಿಸಿಕೊಂಡೆ ಎಂದು ಕೈ ಚಾಚಿದಳು. ಏಳು ವರ್ಷದಲ್ಲಿ ತಾನು ತೋರಿಸದಿದ್ದುದನ್ನು ಒಂದು ಜೀಪು ಹದಿನಾಲ್ಕು ದಿನದಲ್ಲಿ ತೋರಿಸಿದೆ ಎಂಬ ಲೆಕ್ಕ ಜಂಬಣ್ಣನಿಗೆ ಆ ಬಳೆಗಳನ್ನು ನೋಡುತ್ತಲೇ ಆಗಿಹೋಯಿತು. ಹಸಿರು ಬಣ್ಣ ನಿನಗೆ ಒಪ್ಪುವುದಿಲ್ಲ ಎಂದುಬಿಟ್ಟ.

ಊಟದ ನಂತರ ಶಿವಶರಣಪ್ಪ ಮಾತು ತೆಗೆದ. ದನಿಯಲ್ಲಿ ಗೌರವಕ್ಕೆ ಕಡಿಮೆಯಿರಲಿಲ್ಲ.

"ಮಾವಾ, ಅಕ್ಕ ಇಲ್ಲೇ ಇರ್ಲಿ. ಈ ಮನಿಗೆ ಮೆಟ್ಟಲಿಲ್ಲ, ಹೊರಗ ಹೋಗಾಕ ಜೀಪೈತಿ. ನಿಮ್ಮ ಮನ್ಯಾಗ ಆಕಿ ಹೊಸ್ತಿಲ ದಾಟಬೇಕಂದ್ರ ನಿಮ್ಮ ಹೆಗಲು ಬೇಕು. ಆ ಹೆಗಲರೆ ಎಷ್ಟು ದಿನ ಬರ್ತೈತ್ರಿ? ನೀವೂ ಬಂದು ಇಲ್ಲೇ ಇರ್ರಿ."

ಹೆಂಡತಿಯ ತವರಿನಲ್ಲಿ ಹೋಗಿ ಇರುವ ಮಾತು ಜಂಬಣ್ಣನಿಗೆ ಹಿಡಿಸಲಿಲ್ಲ. ಕಲ್ಯಾಣಮ್ಮನನ್ನು ನೋಡಿದ. ಅವಳು ಕುರ್ಚಿಯ ಗಾಲಿಯನ್ನು ಹಿಂದೆ ಮುಂದೆ ಆಡಿಸಿದಳು.

"ನನಗ ಮಸ್ಕಿನೂ ನಮ್ಮದ, ಜವಳಗೇರಾನೂ ನಮ್ಮದ. ಹೊರಗ ಹೋಗಾಕ ಬರ್ತೈತೋ ಇಲ್ಲೋ, ಅಷ್ಟ ನೋಡತೀನಿ."

ಸಂಕ್ರಾಂತಿಯ ತನಕ ನೋಡೋಣ ಎಂದು ಮಾತು ನಿಂತಿತು.

ಸಂಕ್ರಾಂತಿಯೊಳಗೆ ಹೆಂಡತಿಗೆ ತಾನೇ ಒಂದು ಗಾಡಿ ಮಾಡಿಕೊಡಬೇಕೆಂದು ಹಠ ಹಿಡಿದ ಜಂಬಣ್ಣನ ಹತ್ತಿರ ಮುನ್ನೂರು ರೂಪಾಯಿ ಇತ್ತು. ಮೋಟಾರಿನ ಮಾತು ಆ ದುಡ್ಡಿಗೆ ಹತ್ತಿರವೂ ಬರುವುದಿಲ್ಲ. ಎತ್ತಿನ ಗಾಡಿಯ ಹಾಸು ನೆಲದಿಂದ ಮೂರಡಿ ಎತ್ತರ; ಹಲಗೆ ಇಟ್ಟರೆ ಕುರ್ಚಿ ಹಿಂದಕ್ಕೆ ಉರುಳುತ್ತದೆ. ಸೈಕಲ್ ರಿಕ್ಷಾದಲ್ಲಿ ಕುರ್ಚಿ ಹಿಡಿಯುವುದಿಲ್ಲ. ಉಳಿದದ್ದು ಟಾಂಗಾ. ಅದರ ಹಿಂಬದಿ ತಗ್ಗು. ರಸ್ತೆಗಳಾಗಿ ಬಸ್ಸು ಹೆಚ್ಚಿದ ಮೇಲೆ ಸಿಂಧನೂರಿನ ಟಾಂಗಾದವರು ಒಬ್ಬೊಬ್ಬರಾಗಿ ಗಾಡಿ ಮಾರುತ್ತಿದ್ದಾರೆ ಎಂದು ಮಂಡಿಯಲ್ಲಿ ಕೇಳಿದ್ದ. ಕುರ್ಚಿಯ ಅಗಲವನ್ನು ಒಂದು ಹುರಿಯಲ್ಲಿ ಗಂಟು ಹಾಕಿಕೊಂಡು ಬಂದಿದ್ದ. ಆ ಹುರಿ ಹಿಡಿದು ಮೂರು ಭಾನುವಾರ ಟಾಂಗಾಗಳನ್ನು ಅಳೆದ.

ಮೂರನೆಯ ಭಾನುವಾರ ಖಾಜಾಸಾಬ್ ಸಿಕ್ಕ. ಐವತ್ತೈದು ದಾಟಿದ, ಮಾತು ಹೆಚ್ಚು ಆಡುವ ಮನುಷ್ಯ. ಎರಡು ಟಾಂಗಾಗಳಲ್ಲಿ ಒಂದನ್ನು ಮಾರುವವನಿದ್ದ. ಜಂಬಣ್ಣ ಗಾಲಿಯನ್ನು ನೆಲಬಿಡಿಸಿ ಅಲ್ಲಾಡಿಸಿದ, ಅಚ್ಚು ಎಷ್ಟು ಸವೆದಿದೆ ಎಂದು ಬೆರಳಿಟ್ಟು ನೋಡಿದ, ಹಾಸಿನ ಹಲಗೆಗಳನ್ನು ಒಂದೊಂದಾಗಿ ಬಡಿದ. ಕುದುರೆ ಹದಿಮೂರು ವರ್ಷದ ಹೆಣ್ಣು. ಹಲ್ಲು ಸವೆದಿದ್ದರೂ ಕಾಲು ಚೆನ್ನಾಗಿದ್ದವು. ಮುಂದೆ ಈ ಕುದುರೆಯ ಮೇಲೂ ಅವನು ಹೊಟ್ಟೆಕಿಚ್ಚು ಪಡುವವನಿದ್ದ, ಆ ದಿನ ಮಾತ್ರ ಬೆನ್ನು ತಟ್ಟಿದ. ಮುನ್ನೂರ ನಲವತ್ತರಿಂದ ಹೊರಟ ಬೆಲೆ ಕುದುರೆ ಸಮೇತ ಇನ್ನೂರ ಅರವತ್ತೈದಕ್ಕೆ ಬಂದು ನಿಂತಿತು. ಹಿಂದಿನ ಸೀಟು ಕಿತ್ತು, ಕುರ್ಚಿ ಏರಲು ಹಲಗೆ ಕೂಡಿಸಲು ಬಡಿಗನಿಗೆ ಮೂವತ್ತೆರಡು.

ಖಾಜಾಸಾಬನಿಗೆ ಒಂದೇ ಚಿಂತೆ. ಟಾಂಗಾಕ್ಕೆ ಇರುವುದು ಎರಡೇ ಗಾಲಿ. ಭಾರ ಅಚ್ಚಿನ ಹಿಂದೆ ಹೆಚ್ಚಾದರೆ ಕುದುರೆಯ ಎರಡು ಪಕ್ಕದ ಕೋಲುಗಳು ಮೇಲೆದ್ದು ಅದರ ಹೊಟ್ಟೆಪಟ್ಟಿ ಬಿಗಿಯುತ್ತದೆ; ಮುಂದೆ ಹೆಚ್ಚಾದರೆ ಬೆನ್ನಿನ ಮೇಲೆ ಬೀಳುತ್ತದೆ. ಕುರ್ಚಿ ಎಲ್ಲಿ ನಿಲ್ಲಬೇಕೋ ಅಲ್ಲಿ ಅಡ್ಡಪಟ್ಟಿ ಹೊಡೆಯಬೇಕು. ಅದಕ್ಕೆ ಅಮ್ಮನವರನ್ನೇ ಒಮ್ಮೆ ಕೂಡಿಸಿ, ಬೆರಳು ಬೆರಳಷ್ಟು ಸರಿಸಿ ನೋಡಬೇಕು ಎಂದ.

ತನ್ನ ಹೆಂಡತಿಯನ್ನು ಕೂಡಿಸಿ, ಬಜಾರಿನ ನಡುವೆ ಇನ್ನೊಬ್ಬ ಹಿಂದೆ ಮುಂದೆ ಸರಿಸುವುದು! ಜಂಬಣ್ಣನ ಕಣ್ಣ ಮುಂದೆ ದುರುಗಪ್ಪನ ತೋಳು ಬಂತು. ಅದರ ಜರೂರಿಲ್ಲ ಎಂದ. ಕುರ್ಚಿ ಹತ್ತೊಂಬತ್ತು ಕಿಲೋ, ಆಕೆ ಮೂವತ್ತೆಂಟು, ಕೂಡಿ ಐವತ್ತೇಳು. ಅಷ್ಟು ತೂಕದ ಜೋಳದ ಚೀಲ ಇಟ್ಟು ಪಟ್ಟಿ ಹೊಡೆ. ಟಾಂಗಾ ಹೊಡೆಯುವವನಾಗಿ ತಾನೇ ಮುಂದೆ ಕುಳಿತ. ಮಸ್ಕಿಯ ತೂಕದವನ ಮಾತನ್ನು ಖಾಜಾಸಾಬ್ ಮತ್ತೆ ಕೇಳಲಿಲ್ಲ. ಚೀಲ ಸರಿಸಿ, ಕೋಲುಗಳು ಕುದುರೆಯ ಪಕ್ಕಕ್ಕೆ ಹಗುರವಾಗಿ ನಿಂತ ಜಾಗ ಹುಡುಕಿ, ಪಟ್ಟಿಗೆ ಮೊಳೆ ಬಡಿದ.

ಡಿಸೆಂಬರ್ 24ರ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಟಾಂಗಾ ಶಿವಶರಣಪ್ಪನ ಅಂಗಳಕ್ಕೆ ಬಂತು; ಖಾಜಾಸಾಬನೂ ಜೊತೆಗಿದ್ದ. ದುರುಗಪ್ಪ ರೂಢಿಯಂತೆ ಕುರ್ಚಿಯ ಕಡೆ ನಡೆದ. ಮುಟ್ಟಬೇಡ ಎಂದು ಜಂಬಣ್ಣ ಕೈ ಅಡ್ಡ ಹಿಡಿದ. ಗಾಡಿ ವಾಲದಂತೆ ಹಿಂದೆ ಊರುಗೋಲು ಕೊಟ್ಟು ಹಲಗೆ ಇಳಿಬಿಟ್ಟ. ಕಲ್ಯಾಣಮ್ಮ ಗಾಲಿ ತಿರುಗಿಸಿದಳು, ಅವನು ಹಿಂದಿನಿಂದ ನೂಕಿದ, ಕುರ್ಚಿ ಏರಿ ಪಟ್ಟಿಗೆ ತಾಗಿ ನಿಂತಿತು. ಯಾರೂ ಅವಳನ್ನು ಎತ್ತಲಿಲ್ಲ. ಜಂಬಣ್ಣ ಶಿವಶರಣಪ್ಪನ ಮುಖವನ್ನು ಒಮ್ಮೆ ನೋಡಿ, ಮುಂದೆ ಹತ್ತಿ ಲಗಾಮು ಹಿಡಿದ. ಖಾಜಾಸಾಬ್ ಊರುಗೋಲು ತೆಗೆದ.

ಟಾಂಗಾ ಹಿಂದಕ್ಕೆ ವಾಲಿತು. ಕೋಲುಗಳು ಎದ್ದವು, ಹೊಟ್ಟೆಪಟ್ಟಿ ಬಿಗಿದು ಬೆದರಿದ ಕುದುರೆ ಮುಂಗಾಲು ಎತ್ತಿತು. ದುರುಗಪ್ಪ ಓಡಿಬಂದು ಒಂದು ಕೋಲಿಗೆ ಜೋತುಬಿದ್ದದ್ದರಿಂದ ಯಾರಿಗೂ ಪೆಟ್ಟಾಗಲಿಲ್ಲ. ಊರುಗೋಲು ಮತ್ತೆ ಕೊಟ್ಟರು.

"ಜಂಬಣ್ಣಾರ, ತೂಕ ಎಷ್ಟಂದಿದ್ರಿ?" ಖಾಜಾಸಾಬ್ ಕೇಳಿದ.

"ಮೂವತ್ತೆಂಟು."

ಕಲ್ಯಾಣಮ್ಮ ತಿರುಗಿ ನೋಡಿದಳು. "ಯಾರದ್ರಿ? ನಂದಾ?"

"ಇಲ್ಲಿ ಬಂದು ಅನ್ನ ಉಂಡು ಏರೀದಿ" ಎಂದ ಜಂಬಣ್ಣ.

"ಆರು ವಾರದಾಗ ಇಷ್ಟು ಏರಾಕ ನಾ ಏನು ಕುಂಬಳಕಾಯಿ ಏನ್ರಿ?"

ದುರುಗಪ್ಪ ಮುಖ ತಿರುಗಿಸಿ ನಕ್ಕ. ಅಂಗಳದಲ್ಲಿ ಭತ್ತ ತೂಗುವ ತಕ್ಕಡಿ ಇತ್ತು. ಅವಳು ಕುರ್ಚಿ ಸಮೇತ ಹಲಗೆಯ ಮೇಲೆ ಇಳಿದು ಅದರ ತಟ್ಟೆಗೆ ಸರಿದಳು. ಇನ್ನೊಂದು ಕಡೆ ಐವತ್ತರ ಕಲ್ಲು ಸಾಲಲಿಲ್ಲ; ಇಪ್ಪತ್ತರದ್ದು ಏರಿಸಿದ ಮೇಲೆ ಮುಳ್ಳು ನೆಟ್ಟಗಾಯಿತು. ತೂಕದವ ಇರುವಾಗ ಬೇರೆಯವರು ಕೂಗುವಂತಿಲ್ಲ. ಎಲ್ಲರೂ ಕಾದರು. ಜಂಬಣ್ಣ ಎಪ್ಪತ್ತರಲ್ಲಿ ಕುರ್ಚಿಯ ಹತ್ತೊಂಬತ್ತು ಕಳೆದು, ಐವತ್ತೊಂದು ಎಂದು ಕೂಗಿದ.

ಏಳು ವರ್ಷ ನಾಲ್ಕು ತಿಂಗಳಲ್ಲಿ ಹದಿಮೂರು ಕಿಲೋ ಎಂದರೆ ದಿನಕ್ಕೆ ಐದು ಗ್ರಾಂಗೂ ಕಡಿಮೆ. ಒಂದು ಹಿಡಿ ಜೋಳವೂ ಅಲ್ಲ. ದಿನವೂ ಎತ್ತುವ ಕೈಗೆ ಅದು ತಿಳಿಯುವುದು ಸಾಧ್ಯವಿಲ್ಲ. ಆ ಕೈ ಅಷ್ಟಷ್ಟೇ ಗಟ್ಟಿಯಾಗುತ್ತ ಬಂದಿತ್ತು. ಆರು ವಾರ ಬಿಟ್ಟು ಎತ್ತಿದ್ದರೆ ಅವನಿಗೇ ಗೊತ್ತಾಗುತ್ತಿತ್ತು.

ಹೊಸದಾಗಿ ಪಟ್ಟಿ ಹೊಡೆಯಬೇಕಾಯಿತು. ಈ ಸಲ ಕಲ್ಯಾಣಮ್ಮನೇ ಕುಳಿತಳು. ದುರುಗಪ್ಪ ಕೋಲು ಹಿಡಿದ, ಖಾಜಾಸಾಬ್ ಕುರ್ಚಿ ಹಿಡಿದ. ಜಂಬಣ್ಣ ಪಕ್ಕಕ್ಕೆ ನಿಂತಿದ್ದ. ಅವನ ಕಣ್ಣು ಅವರ ಕೈಗಳ ಮೇಲಿತ್ತು.

"ಮುಂದ ನೀವು ಕುಂತ್ರ ನಿಮ್ಮ ತೂಕಕ್ಕ ಪಟ್ಟಿ ಹೊಡೀಲೇನ್ರಿ?" ಖಾಜಾಸಾಬ್ ಸುತ್ತಿಗೆ ಎತ್ತಿಕೊಂಡು ಕೇಳಿದ.

ಜಂಬಣ್ಣನ ತೂಕ ಅರವತ್ತೆರಡು. ಅದಕ್ಕೆ ಹೊಂದಿಸಿದರೆ ಅವನಿಲ್ಲದೆ ಟಾಂಗಾ ಅಲುಗುವುದಿಲ್ಲ. ಹಗುರ ಮನುಷ್ಯ ಯಾರೇ ಮುಂದೆ ಕುಳಿತರೂ ಗಾಡಿ ಹಿಂದಕ್ಕೆ ವಾಲುತ್ತದೆ. ಅವನು ಹೂಂ ಎನ್ನುವ ಮೊದಲೇ ಕಲ್ಯಾಣಮ್ಮ ಮಾತಾಡಿದಳು.

"ನೀವು ಮುಂಜಾನಿಂದ ಸಂಜೀತನ ಮಂಡ್ಯಾಗ. ಅಲ್ಲಿತನ ನಾ ಎಲ್ಲಿ ಹೋಗ್ಲಿ?"

ಶಿವಶರಣಪ್ಪ ಕೆಳದನಿಯಲ್ಲಿ, ಅಕ್ಕ ಮದುವೆಗೆ ಮೊದಲು ಅಪ್ಪನ ಸವಾರಿ ಗಾಡಿಯನ್ನು ಸಿಂಧನೂರಿನ ತನಕ ತಾನೇ ಹೊಡೆಯುತ್ತಿದ್ದಳು ಎಂದ. ಇಪ್ಪತ್ತು ವರ್ಷದ ಸಂಸಾರದಲ್ಲಿ ಜಂಬಣ್ಣನಿಗೆ ಇದು ಗೊತ್ತಿರಲಿಲ್ಲ. ಅವಳು ಹೇಳಿರಲಿಲ್ಲ, ಅವನು ಕೇಳಿರಲಿಲ್ಲ. ತಮ್ಮನಿಗೆ ಗೊತ್ತಿತ್ತು. ಜೀಪು, ಕುರ್ಚಿ, ಹಸಿರು ಬಳೆ ಯಾವುದೂ ಅವನನ್ನು ಇಷ್ಟು ಚುಚ್ಚಿರಲಿಲ್ಲ. ಕಲ್ಯಾಣಮ್ಮ ಕುರ್ಚಿಯಿಂದಲೇ ಕೈ ಚಾಚಿ, ಅವನು ಮುಂದಿನ ಸೀಟಿನ ಮೇಲೆ ಬಿಟ್ಟಿದ್ದ ಲಗಾಮನ್ನು ಎಳೆದುಕೊಂಡು ಬೆರಳುಗಳ ನಡುವೆ ಹಾಕಿಕೊಂಡಳು. ಬೆರಳು ಮರೆತಿರಲಿಲ್ಲ. ಕುದುರೆ ಕಿವಿ ಹಿಂದಕ್ಕೆ ತಿರುಗಿಸಿತು.

ಖಾಜಾಸಾಬನಿಗೆ ಅರ್ಥವಾಯಿತು. ಆದರೂ ತೂಕದವನಿಗೆ ತಿಳಿಸಿಯೇ ಮೊಳೆ ಹೊಡೆಯಬೇಕೆಂದು ಬಿಡಿಸಿ ಹೇಳಿದ.

"ನೋಡ್ರಿ, ಅಮ್ಮಾರ ಗಾಡಿ ಹೊಡೀತಾರಂದ್ರ ಮುಂದಿನ ಸೀಟೂ ಕೀಳಬೇಕು, ಕುರ್ಚಿ ಅಚ್ಚಿನ ಮ್ಯಾಲ ಬರಬೇಕು. ಆಮ್ಯಾಲ ಮುಂದ ಯಾರೂ ಕೂಡಾಕ ಬರಂಗಿಲ್ಲ, ಭಾರೆಲ್ಲ ಕುದುರಿ ಮ್ಯಾಲ ಬೀಳ್ತೈತಿ. ನೀವೂ ಕೂಡಾಕ ಬರಂಗಿಲ್ಲ. ಬಾಜೂಕ ನಡೀಬೇಕು. ಹೇಳ್ರಿ, ಮುಂದ ಎಷ್ಟು ಕಿಲೋ ಹಿಡೀಲಿ?"

ಜಂಬಣ್ಣ ಮೊದಲು ಹೆಂಡತಿಯ ಕೈಯನ್ನು ನೋಡಿದ, ಆಮೇಲೆ ಜೀಪನ್ನು ನೋಡಿದ. ಮಂಡಿಯಲ್ಲಿ ಕೂಗುವ ಅದೇ ದನಿಯಲ್ಲಿ, ಅಂಗಳದವರಿಗೆಲ್ಲ ಕೇಳುವಂತೆ ಹೇಳಿದ: "ಸೊನ್ನೆ."