ಟೀಚರಮ್ಮನ ದಪ್ಪ ಹುಬ್ಬು

ಬೀದಿಯವರೆಲ್ಲ ಅವಳನ್ನು ಬಣ್ಣದಕ್ಕ ಅಂತಲೇ ಕರೆಯುತ್ತಿದ್ದರು. ಔಷಧಿ ಅಂಗಡಿಯ ಮಹಡಿಯಲ್ಲಿ ಎರಡು ಕುರ್ಚಿ, ಒಂದು ಉದ್ದ ಕನ್ನಡಿ ಇಟ್ಟುಕೊಂಡು ಇಪ್ಪತ್ತೆರಡು ವರ್ಷದಿಂದ ಪಾರ್ಲರ್ ನಡೆಸುತ್ತಿದ್ದಳು. ಬಾಯಿ ಜೋರು, ಕೈ ಮಾತ್ರ ಹೂವಿನಷ್ಟು ಹಗುರ. ಬಂದವರನ್ನು ಚೆಂದ ಮಾಡಿ ಕಳಿಸಿದರೆ ಅವಳಿಗೆ ಸಾಲದು. ನಾಳೆ ಮನೆಯಲ್ಲಿ ತಾವೇ ಹಚ್ಚಿಕೊಳ್ಳುವಾಗಲೂ ಅವರು ತಪ್ಪು ಮಾಡಬಾರದು ಅನ್ನುವ ಹಟ.

"ಫೌಂಡೇಶನ್ ಕೊಳ್ಳುವಾಗ ಕೈಮೇಲೆ ಹಚ್ಚಿ ನೋಡ್ಬೇಡಿ, ಕೈಯೇ ಒಂದು ಬಣ್ಣ, ಮುಖವೇ ಒಂದು ಬಣ್ಣ. ದವಡೆ ಹತ್ರ ಹಚ್ಚಿ, ಕಿಟಕಿ ಬೆಳಕಲ್ಲಿ ನೋಡಿ. ಒಣಗಿದ ಚರ್ಮದ ಮೇಲೆ ಪೌಡರ್ ಸುರಿದ್ರೆ ಸುಣ್ಣದ ಗೋಡೆ ಬಿರುಕು ಬಿಟ್ಟ ಹಾಗೆ ಕಾಣುತ್ತೆ."

ಈ ಪಾಠ ತಲೆಗೆ ಹತ್ತದವರು ಒಬ್ಬರೇ, ಹಿಂದಿನ ಬೀದಿಯ ಟೀಚರಮ್ಮ. ಶಾಲೆಯಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತರಾದವರು. ಮೊದಲು ಪೌಡರನ್ನೂ ಮುಟ್ಟದಿದ್ದವರು ಐದಾರು ವರ್ಷದಿಂದ ಏನೋ ಆದವರ ಹಾಗೆ ಬಳಿದುಕೊಳ್ಳತೊಡಗಿದ್ದರು. ಮುಖ ಬೆಳ್ಳಗೆ, ಕತ್ತು ಕಪ್ಪಗೆ. ಹುಬ್ಬು ಇದ್ದಿಲಿನಿಂದ ಗೀಚಿದಂತೆ. ಲಿಪ್‌ಸ್ಟಿಕ್ ತುಟಿ ದಾಟಿ ಆಚೆ.

"ಟೀಚರಮ್ಮಾ, ಮುಖಕ್ಕೂ ಕತ್ತಿಗೂ ಮಾತು ಬಿಟ್ಟು ಎಷ್ಟು ದಿನ ಆಯ್ತು?" ಎಂದು ಬಣ್ಣದಕ್ಕ ಕಾಲೆಳೆಯುವಳು. ಟೀಚರಮ್ಮ ನಗುವರು. ಒರೆಸಿ ಸರಿಮಾಡಲು ಬಿಡುವರು. ಮುಂದಿನ ತಿಂಗಳು ಅದೇ ಹುಬ್ಬು, ಅದೇ ತುಟಿ.

ಒಂದು ಬೆಳಿಗ್ಗೆ ಟೀಚರಮ್ಮ ಏಳಲಿಲ್ಲ. ನಿದ್ದೆಯಲ್ಲೇ ಹೋಗಿಬಿಟ್ಟಿದ್ದರು. ಊರಿನ ಆಚೆ ತುದಿಯಲ್ಲಿದ್ದ ಮಗಳು ಬಂದು ಬಣ್ಣದಕ್ಕನ ಕೈ ಹಿಡಿದುಕೊಂಡಳು. "ಅಕ್ಕಾ, ನೋಡೋಕೆ ಜನ ಬರ್ತಾರೆ. ಜೋಕರ್ ಥರ ಹಚ್ಕೋತಾಳೆ ಅಂತ ಅಮ್ಮನ್ನ ನೋಡಿ ನಕ್ಕಿದ್ದವರೇ ಎಲ್ಲ. ಇವತ್ತೊಂದು ದಿನ ಲಕ್ಷಣವಾಗಿ ಕಾಣ್ಲಿ. ನೀವೇ ಮಾಡಿ."

ಬಣ್ಣದಕ್ಕ ಒಪ್ಪಿದಳು. ತಣ್ಣಗಿನ ಚರ್ಮದ ಮೇಲೆ ಕ್ರೀಮು ಕರಗುವುದಿಲ್ಲವೆಂದು ಅವಳಿಗೆ ಗೊತ್ತಾಗಿದ್ದೇ ಅಂದು. ಅಂಗೈಯಲ್ಲಿ ಉಜ್ಜಿ ಬಿಸಿ ಮಾಡಿ, ಚೂರು ಚೂರೇ ಹಚ್ಚಿದಳು. ಕತ್ತಿನವರೆಗೂ ಇಳಿಸಿದಳು. ಹುಬ್ಬನ್ನು ಕೂದಲೆಳೆಯಷ್ಟು ತೆಳ್ಳಗೆ ಬರೆದಳು. ಒಂದೇ ಒಂದು ತಪ್ಪಿರಲಿಲ್ಲ. ಬಂದವರೆಲ್ಲ, "ಮಲಗಿದ್ದಾರೆ ಅನ್ನಿಸುತ್ತೆ" ಅಂದರು.

ಆಮೇಲೆ ಟೀಚರಮ್ಮನ ಗಂಡನನ್ನು ಕರೆತಂದರು. ಅವರು ಗಡಿಯಾರ ರಿಪೇರಿ ಮಾಡುತ್ತಿದ್ದವರು. ಈಗ ಯಾರು ಗಡಿಯಾರ ಕಟ್ತಾರೆ ಅನ್ನುತ್ತ ಆರು ವರ್ಷದ ಹಿಂದೆ ಅಂಗಡಿ ಮುಚ್ಚಿದ್ದರು. ಹೆಂಡತಿಯ ಪಕ್ಕ ಕೂತು, ಮೂಗು ತಾಗುವಷ್ಟು ಬಗ್ಗಿದರು. ಆ ಕಡೆ ಈ ಕಡೆ ತಲೆ ಹೊರಳಿಸಿದರು.

"ಇವಳ ಮುಖ ಎಲ್ಲಿ?"

ಮಗಳು ಅವರ ತೋಳು ಹಿಡಿದಳು. "ಇಲ್ಲೇ ಇದೆಯಲ್ಲಪ್ಪಾ."

"ಇಲ್ಲಮ್ಮ, ಬರೀ ಮಬ್ಬು. ಹುಬ್ಬಿಲ್ಲ, ಬಾಯಿಲ್ಲ. ನನ್ನ ಕಣ್ಣು ಹೋಗ್ತಾ ಇದೆ ಅಂತ ಅವಳೊಬ್ಬಳಿಗೇ ಗೊತ್ತಿತ್ತು, ಯಾರಿಗೂ ಹೇಳ್ಬೇಡ ಅಂದಿದ್ದೆ. ದಪ್ಪಗೆ ಬರ್ಕೊಂಡು ಎದುರಿಗೆ ಬಂದು ಕೂರೋಳು. ಆಗ ನಕ್ಕಿದ್ದೂ ಕಾಣ್ತಿತ್ತು ನನಗೆ."

ಬಣ್ಣದಕ್ಕ ಎದ್ದು ಹೋಗಿ, ಬಚ್ಚಲ ಕನ್ನಡಿಯ ಕೆಳಗಿದ್ದ ಟೀಚರಮ್ಮನ ಡಬ್ಬಿ ತಂದಳು. ಮೋಟು ಪೆನ್ಸಿಲು, ತಳ ಕಂಡ ಕೆಂಪು ಲಿಪ್‌ಸ್ಟಿಕ್. ಅಷ್ಟು ವರ್ಷ ಬೈದು ಬೈದು ಒಂದೊಂದು ತಪ್ಪೂ ಅವಳಿಗೆ ಬಾಯಿಪಾಠವಾಗಿತ್ತು. ಆದರೆ ಕೈ ಕೇಳಬೇಕಲ್ಲ? ಸುಮ್ಮನೆ ಬಿಟ್ಟರೆ ಗೆರೆ ನೇರವಾಗಿಯೇ ಹೋಗುತ್ತಿತ್ತು. ಹಲ್ಲು ಕಚ್ಚಿ ಹುಬ್ಬನ್ನು ದಪ್ಪ ಮಾಡಿದಳು, ಕೆಂಪನ್ನು ತುಟಿಯಾಚೆ ಎಳೆದಳು.

ಮುದುಕರು ಮತ್ತೆ ಬಗ್ಗಿದರು. "ಹಾಂ, ಬಂದ್ಲು," ಅಂದರು.

ಮರುವಾರ ಪಾರ್ಲರ್ ತೆರೆದಾಗ ಬಣ್ಣದಕ್ಕನ ಕೈ ಮೊದಲಿನಂತಿರಲಿಲ್ಲ. ಯಾರದೇ ಕೆನ್ನೆ ಮುಟ್ಟಿದರೂ ಒಂದು ಕ್ಷಣ ತಣ್ಣಗನ್ನಿಸುವುದು. ಮುಖ ಪೂರ್ತಿ ಮಾಡಿ ಕನ್ನಡಿ ನೋಡಿದರೆ, ಆ ಮುಖ ಎಲ್ಲಿ ಅಂತ ಯಾರೋ ಬೆನ್ನ ಹಿಂದೆ ಕೇಳಿದ ಹಾಗಾಗುವುದು. ಒಂದು ದಿನ ಮೂರು ಸಲ ತಿರುಗಿ ನೋಡಿದಳು. ಕುರ್ಚಿಯಲ್ಲಿದ್ದ ಹುಡುಗಿಯೇ ಹೆದರಿಬಿಟ್ಟಳು.

ಗುರುವಾರ ಪಾರ್ಲರಿಗೆ ರಜ. ಆ ದಿನ ಮುದುಕರ ಮನೆಗೆ ಹೋಗಿಬರಲು ಶುರುಮಾಡಿದಳು. ತಾನು ಬಂದಿದ್ದು ಅವರಿಗೆ ಕಾಣಲಿ ಅಂತ ಒಂದು ಸಲ ತಾನೂ ಹುಬ್ಬು ದಪ್ಪ ಮಾಡಿಕೊಂಡು, ತುಟಿಗೆ ಢಾಳಾಗಿ ಕೆಂಪು ಬಳಿದುಕೊಂಡು ಹೋದಳು. ಬಾಗಿಲು ತೆರೆದೇ ಇತ್ತು. ಕಿಟಕಿಯ ಬಳಿ ಕೂತಿದ್ದ ಮುದುಕರು ತಲೆ ಎತ್ತಿದರು. ಮುಖ ಅರಳಿತು.

"ಬಂದ್ಯಾ? ಎಷ್ಟು ಹೊತ್ತು ಮಾಡ್ದೆ ಇವತ್ತು!"

ಅದು ಹೆಂಡತಿಯನ್ನು ಕೇಳುವ ದನಿ. ಬಣ್ಣದಕ್ಕ ಹೂಂ ಅನ್ನುವ ಹಾಗಿಲ್ಲ, ಅಲ್ಲ ಅನ್ನುವ ಹಾಗೂ ಇಲ್ಲ. ಬಂದ ಹೆಜ್ಜೆಯಲ್ಲೇ ಹಿಂದೆ ಸರಿದು, ಮೆಟ್ಟಿಲ ಮೇಲೆ ಕೂತು, ಸೆರಗಿನಿಂದ ತುಟಿ ಉರಿಯುವಷ್ಟು ಉಜ್ಜಿದಳು. ಒಳಗಿನಿಂದ, "ಎಲ್ಲಿ ಹೋದೆ?" ಎಂದು ಎರಡು ಸಲ ಕೇಳಿಸಿತು.

ಅಂದಿನಿಂದ ಬರಿಯ ಮುಖದಲ್ಲಿ ಹೋಗುತ್ತಾಳೆ. ಬಾಗಿಲಲ್ಲೇ ನಿಂತು, "ನಾನು, ಬಣ್ಣದಕ್ಕ" ಅನ್ನುತ್ತಾಳೆ. "ಬಾಮ್ಮ, ಕೂತ್ಕೋ" ಅನ್ನುತ್ತಾರೆ ಅವರು. ಆದರೆ ಅವರ ಕಣ್ಣು ಅವಳ ಹೆಗಲಾಚೆ, ಖಾಲಿ ಬಾಗಿಲಲ್ಲೇ ನೆಟ್ಟಿರುತ್ತದೆ. ಎಷ್ಟು ಬೇಡವೆಂದುಕೊಂಡರೂ ಬಣ್ಣದಕ್ಕ ಒಮ್ಮೆ ಹಿಂದೆ ತಿರುಗಿ ನೋಡುತ್ತಾಳೆ.